ಮಹಾಮಾರಿಯ ದಿನಗಳಲ್ಲಿ ಕ್ರೈಸ್ತ ವಿದ್ಯಾಲಯ

(ಶತಮಾನೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ–ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ದೇವರಿಗೆ ಕೃತಜ್ಞತೆ ಸಲ್ಲಿಸುವ ಸಮಯ. ಅದರೊಡನೆ ಆತ್ಮಶೋಧನೆಯ ಸಮಯವೂ ಹೌದು. ಇಂದು ನಿಮ್ಮ ಮಕ್ಕಳಲ್ಲಿ ಅನೇಕರು ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೋ ಸಂತ ಜೋಸೆಫರ ವಿದ್ಯಾಸಂಸ್ಥೆಗೋ ಹೋಗುತ್ತಾರೆ. ಕೆಲವರು ಘಟ್ಟವಿಳಿದು ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಸೇರುತ್ತಾರೆ. ಆದುದರಿಂದ ಕೊರೋನಾ ಮಹಾಮಾರಿಯ ಕಾಲದಲ್ಲಿ ಕ್ರೈಸ್ತ ವಿದ್ಯಾಲಯಗಳು ಎದುರಿಸಿದ ಪ್ರಶ್ನೆಯು ದೂರದ ಪಟ್ಟಣದ ಮಾತಲ್ಲ. ಅದು ನಮ್ಮ ಮನೆಯ ಮಾತೇ ಆಗಿದೆ.

ಮಹಾಮಾರಿಯು ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕದ್ದು ಹುಬ್ಬಳ್ಳಿಯ ಕಡೆಯಿಂದ, ರೈಲುಮಾರ್ಗವಾಗಿ. ಆ ಮಾರ್ಗವು ಅಜ್ಜಂಪುರ, ಬೀರೂರು, ಕಡೂರುಗಳನ್ನು ಹಾದೇ ಹೋಗುತ್ತದೆ. ಜನರು ಮನೆಗಳಿಗೆ ಬೀಗವಿಕ್ಕಿ, ಊರಾಚೆಯ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಬಾಳಿದ ಕಥೆಯನ್ನು ನಮ್ಮ ತಲೆಮಾರಿನವರು ಅಜ್ಜ ಅಜ್ಜಿಯರ ಬಾಯಿಂದಲೇ ಕೇಳಿದ್ದೇವೆ.

ಅಂತಹ ಕಾಲದಲ್ಲಿ ಕ್ರೈಸ್ತ ವಿದ್ಯಾಲಯವು ಏನು ಮಾಡಬೇಕು? ಇದಕ್ಕೆ ಉತ್ತರವನ್ನು ಬಾಳಿ ತೋರಿಸಿದವರು ಯೇಸುಸಭೆಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು. ಜರ್ಮನಿಯವರಾದ ಅವರು ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಪಾಠದ ನಡುವೆಯೇ ತಮ್ಮ ವಿದ್ಯಾರ್ಥಿಗಳಿಗೂ ಬಡವರಿಗೂ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಹೀಗೆ ಹುಟ್ಟಿದ ಔಷಧಾಲಯಕ್ಕೆ 1890ರಲ್ಲಿ ಕುಷ್ಠರೋಗಿಗಳ ಆಶ್ರಯವೂ, ಪ್ಲೇಗು ಹರಡಿದ 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಕೂಡಿಕೊಂಡವು. ಒಬ್ಬ ಅಧ್ಯಾಪಕನು ತನ್ನ ವಿದ್ಯಾರ್ಥಿಯ ಮುಖವನ್ನು ನೋಡಿ, ಇವನು ಅಸ್ವಸ್ಥನಾಗಿದ್ದಾನೆಂದು ಗಮನಿಸಿದುದೇ ಆ ಮಹಾಸಂಸ್ಥೆಯ ಬೀಜವೆಂದು ನಾನು ತಿಳಿಯುತ್ತೇನೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ, ಈ ರೋಗದಿಂದ ಭಾರತದ ಮೊದಲ ಮರಣವು ಸಂಭವಿಸಿತು. 14ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮುಚ್ಚಿದವು. 25ರಿಂದ ದೇಶವೇ ಸ್ತಬ್ಧವಾಯಿತು. 27ರ ಸಂಜೆ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ರೋಮಿನ ಬರಿದಾದ ಚೌಕದಲ್ಲಿ ಮಳೆಯ ನಡುವೆ ಏಕಾಂಗಿಯಾಗಿ ಪ್ರಾರ್ಥಿಸಿದರು. ಇತ್ತ ನಾನೂ ಖಾಲಿ ಪೀಠಗಳ ಮುಂದೆ ದಿವ್ಯ ಬಲಿಪೂಜೆಯನ್ನು ಅರ್ಪಿಸುತ್ತಿದ್ದೆ. ವಿದ್ಯಾಲಯಗಳ ಪ್ರಾಂಗಣವೂ ಹಾಗೆಯೇ ಬರಿದಾಗಿತ್ತು. ಪಾಠವೆಲ್ಲ ಮೊಬೈಲಿನ ಪರದೆಗೆ ಇಳಿಯಿತು.

ವಿದ್ಯಾಲಯ ನಡೆಸುವವರ ಸಂಕಟವೂ ಸಣ್ಣದಾಗಿರಲಿಲ್ಲವೆಂದು ನ್ಯಾಯವಾಗಿ ಹೇಳಬೇಕು. ಅಂಗಡಿ ಮುಚ್ಚಿದ ತಂದೆಯಿಂದ ಶುಲ್ಕ ಕೇಳುವುದು ಹೇಗೆ? ಕೇಳದಿದ್ದರೆ ಅಧ್ಯಾಪಕರಿಗೆ, ಗುಡಿಸುವವರಿಗೆ, ಹಾಸ್ಟೆಲಿನ ಅಡಿಗೆಯವರಿಗೆ ಸಂಬಳ ಕೊಡುವುದು ಹೇಗೆ? ಪರೀಕ್ಷೆಯ ವಿಷಯದಲ್ಲಿಯೂ ಗೊಂದಲ. ಅಂತಿಮ ವರ್ಷದ ಪರೀಕ್ಷೆ ನಡೆಯಲೇಬೇಕೆಂದು ಯು.ಜಿ.ಸಿ. ಜುಲೈ 6ರಂದು ಸೂಚಿಸಿತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜ್ಯದಲ್ಲಿ ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ರಂದು. ಅದೂ ಪೋಷಕರ ಒಪ್ಪಿಗೆ ಪತ್ರ ಮತ್ತು ರೋಗವಿಲ್ಲವೆಂಬ ವರದಿಯೊಡನೆ. ಹೊಸದಾಗಿ ಕಲಿತ ಯಂತ್ರದ ಮುಂದೆ ಕುಳಿತು, ಮಕ್ಕಳ ಮುಖ ಕಾಣದೆ ಪಾಠ ಹೇಳಿದ ಅಧ್ಯಾಪಕರ ಶ್ರಮಕ್ಕೆ ನಾವು ಋಣಿಗಳು.

ಆದರೆ ಪರದೆಯಾಚೆಗೆ ಯಾರು ಉಳಿದರು? 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರವನ್ನು ನೀವೆಲ್ಲ ಕಂಡಿದ್ದೀರಿ. ಹತ್ತನೆಯ ತರಗತಿಯ ಬಾಲಕಿಯು ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಾಳೆ; ಸುರಿವ ಮಳೆಯಲ್ಲಿ ತಂದೆಯು ಕೊಡೆ ಹಿಡಿದು ನಿಂತಿದ್ದಾನೆ. ತರೀಕೆರೆಯ ಬೆಟ್ಟದ ತಪ್ಪಲಿನ ಮನೆಗಳಲ್ಲಿಯೂ ಇದೇ ಸ್ಥಿತಿಯಲ್ಲವೇ?

ಪ್ರಿಯರೇ, ಇಲ್ಲಿ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. 2020ರ ಮಳೆಗಾಲದಲ್ಲಿ ನಮ್ಮ ಒಬ್ಬ ಹುಡುಗನು ಪ್ರತಿ ಸಂಜೆ ದೇವಾಲಯದ ಹೊರಗೋಡೆಗೆ ಒರಗಿ, ಮೊಬೈಲು ನೋಡುತ್ತ ಕುಳಿತಿರುತ್ತಿದ್ದ. ರೋಗದ ಭಯದಿಂದ ನಾನು ಸಭಾಂಗಣಕ್ಕೆ ಬೀಗ ಹಾಕಿಸಿದ್ದೆ. ಒಂದು ದಿನ, “ಮನೆಯಲ್ಲಿರದೆ ಇಲ್ಲೇಕೆ ಕಾಲಹರಣ ಮಾಡುತ್ತೀ?” ಎಂದು ಗದರಿಸಿದೆ. “ಇಲ್ಲ ಸ್ವಾಮಿ, ಹೋಗುತ್ತೇನೆ” ಎಂದಷ್ಟೇ ಹೇಳಿ ಎದ್ದುಹೋದ. ಅವನ ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಆ ಗೋಡೆಯ ಬಳಿ ಮಾತ್ರ ಸಿಗುತ್ತಿತ್ತು. ಅವನು ಕಾಲೇಜಿನ ಲಿಖಿತ ಅಭ್ಯಾಸವನ್ನು ಕಳುಹಿಸುತ್ತಿದ್ದನೆಂಬುದು ಅವನ ತಾಯಿಯಿಂದ ನನಗೆ ತಿಳಿದದ್ದು ತಿಂಗಳುಗಳ ತರುವಾಯ. ಅಷ್ಟರಲ್ಲಿ ಹಾಜರಿ ಸಾಲದೆಂದು ಕಾಲೇಜಿನಿಂದ ಸಂದೇಶ ಬಂದಿತ್ತು, ಶುಲ್ಕವೂ ಬಾಕಿಯಿತ್ತು. ಅವನು ಓದು ಬಿಟ್ಟು ಬೆಂಗಳೂರಿನ ಗೋದಾಮೊಂದರ ಕೆಲಸಕ್ಕೆ ಸೇರಿದ್ದ. ಮರುದಿನವೇ ಗುರುನಿವಾಸದ ಜಗಲಿಯನ್ನು ವಿದ್ಯಾರ್ಥಿಗಳಿಗೆ ತೆರೆದೆ. ಆರು ಮಂದಿ ಬಂದು ಅಂತರವಿಟ್ಟು ಕುಳಿತು ಓದಿದರು. ಅವನು ಮಾತ್ರ ಬರಲಿಲ್ಲ.

ಕಾಲೇಜಿನ ಪುಸ್ತಕದಲ್ಲಿ ಅವನು ಗೈರುಹಾಜರು. ಅವನು ಎಲ್ಲಿರುವನೆಂದು ಅಲ್ಲಿ ಯಾರೂ ಕೇಳಲಿಲ್ಲ. ಇಲ್ಲಿ ಕಣ್ಣೆದುರಿಗಿದ್ದರೂ ನಾನು ಕೇಳಲಿಲ್ಲ. ಸಂತ ಲೂಕನ ಶುಭಸಂದೇಶದಲ್ಲಿ ಸ್ವಾಮಿ ಹೇಳಿದ ಕುರುಬನ ಸಾಮತಿಯನ್ನು ಗುರುಮಠದಲ್ಲಿ ಓದಿದಂದಿನಿಂದ ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ತೊಂಬತ್ತೊಂಬತ್ತು ಕುರಿಗಳು ಇವೆಯಲ್ಲಾ ಎಂದು ಆ ಕುರುಬನು ತೃಪ್ತಿಪಡಲಿಲ್ಲ. ಹಾಜರಿ ಸಾಲದೆಂದು ನೂರನೆಯದರ ಹೆಸರನ್ನು ಹೊಡೆದುಹಾಕಲೂ ಇಲ್ಲ. ಹುಡುಕಿಕೊಂಡು ಹೊರಟನು. ಇತರ ವಿದ್ಯಾಲಯಗಳಿಗೂ ಕ್ರೈಸ್ತ ವಿದ್ಯಾಲಯಕ್ಕೂ ವ್ಯತ್ಯಾಸವಿರುವುದಾದರೆ ಅದು ಇಲ್ಲಿಯೇ ಇರಬೇಕು. ಕಟ್ಟಡದಲ್ಲಿ ಅಲ್ಲ, ಹೆಸರಿನಲ್ಲಿ ಅಲ್ಲ, ಶ್ರೇಯಾಂಕದಲ್ಲಿಯೂ ಅಲ್ಲ.

ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಡೆಸುವ ಸಿ.ಎಂ.ಐ. ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಸಂತ ಚಾವರ ಕುರಿಯಾಕೋಸ್ ಏಲಿಯಾಸರು ಕೇರಳದಲ್ಲಿ, ಪ್ರತಿಯೊಂದು ದೇವಾಲಯಕ್ಕೂ ಪಾಠಶಾಲೆಯೊಂದು ಇರಲೆಂದು 19ನೆಯ ಶತಮಾನದಲ್ಲಿಯೇ ಆಜ್ಞಾಪಿಸಿದರು. ಬಡ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು. ಹಸಿದ ಮಗು ಪಾಠ ಕೇಳದೆಂದು ಅವರು ಅರಿತಿದ್ದರು. ಅಂದಿಗೆ ಅನ್ನ ಹೇಗೋ, 2020ರಲ್ಲಿ ಸಿಗ್ನಲ್ ಹಾಗೆಯೇ ಆಗಿತ್ತು.

ಆದಕಾರಣ ಶತಮಾನೋತ್ಸವದ ಈ ಸಂದರ್ಭದಲ್ಲಿ ಎರಡು ವಿನಂತಿಗಳನ್ನು ಮುಂದಿಡುತ್ತೇನೆ. ಮೊದಲನೆಯದು, ದೇವಾಲಯದ ಸಭಾಂಗಣದ ಒಂದು ಕೊಠಡಿಯು ಮತಭೇದವಿಲ್ಲದೆ ಎಲ್ಲ ಮಕ್ಕಳ ಓದಿಗಾಗಿ, ಇಂಟರ್‌ನೆಟ್ ಸೌಕರ್ಯದೊಡನೆ, ನಿತ್ಯವೂ ತೆರೆದಿರಲಿ. ಎರಡನೆಯದು, ಹೊರಗೆ ಓದುತ್ತಿರುವ ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಧರ್ಮಕೇಂದ್ರದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆಯಾದರೂ ಹಿರಿಯರೊಬ್ಬರು ಅವನನ್ನು ಅಥವಾ ಅವಳನ್ನು ವಿಚಾರಿಸಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಕೇಳುವ ಮನಸ್ಸು ಸಾಕು.

ಆ ಹುಡುಗನಿಗೆ ಈಗ ಮನೆಯ ಭಾರವಿದೆ. ಕಳೆದ ಕ್ರಿಸ್ತಜಯಂತಿಗೆ ಊರಿಗೆ ಬಂದಿದ್ದಾಗ ನಾನೇ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ನಾಚಿಕೊಂಡು, “ಬಿಡಿ ಸ್ವಾಮಿ, ತಮ್ಮ ಓದುತ್ತಿದ್ದಾನೆ” ಎಂದನು. ಆ ತಮ್ಮನ ಹೆಸರು ನಮ್ಮ ಪಟ್ಟಿಯಲ್ಲಿ ಮೊದಲನೆಯದಾಗಿದೆ. ಮುಂದೆ ಎಂತಹ ವ್ಯಾಧಿ ಬಂದರೂ ಆ ಪಟ್ಟಿಯಿಂದ ಒಂದು ಹೆಸರೂ ಅಳಿಯದಂತೆ ಕಾಯುವ ಕೃಪೆಯನ್ನು ಉತ್ತಮ ಕುರುಬನಾದ ಯೇಸುಸ್ವಾಮಿಯು ನಮಗೆ ದಯಪಾಲಿಸಲಿ. ದೇವಮಾತೆಯು ನಿಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ.