ಬೀಗ ಗಣಿತದ್ದು, ಬೀಗದ ಕೈ ನಮ್ಮದು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕಣ್ಣಿಗೆ ಕಾಣದ ದುಡ್ಡಿನ ಬಗ್ಗೆ ನಾಲ್ಕು ಮಾತು ಹೇಳಲು ನಮಗೆ ಅಪ್ಪಣೆಯಾಗಿದೆ. "ನೋಟಿಲ್ಲ, ನಾಣ್ಯವಿಲ್ಲ, ಇದನ್ನ ಕಾಯೋರು ಯಾರು?" ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಸಂಘವೆಂದರೆ ನಂಬಿಕೆಯ ಲೆಕ್ಕ. ಸಾಲದ ಪತ್ರಕ್ಕೆ ಸದಸ್ಯನ ಸಹಿ ಬೇಕು. ಲೆಡ್ಜರಿನಲ್ಲಿ ಬರೆದದ್ದನ್ನು ಕದ್ದು ತಿದ್ದುವಂತಿರಬಾರದು. ಡಿಜಿಟಲ್ ಹಣಕ್ಕೂ ಬೇಕಾದದ್ದು ಈ ಎರಡೇ. ಅಲ್ಲಿ ಇದನ್ನು ನೋಡಿಕೊಳ್ಳುವುದು ಗೂಢಲಿಪಿಯ ಗಣಿತ, ಅಂದರೆ ಕ್ರಿಪ್ಟೋಗ್ರಫಿ.

ಮೊದಲು ಸಹಿಯ ಮಾತು. 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಜೋಡಿ ಕೀಲಿಯ ವಿಚಾರ ಪ್ರಕಟಿಸಿದರು. ಒಂದು ಗುಟ್ಟಿನ ಕೀಲಿ, ಇನ್ನೊಂದು ಬಹಿರಂಗ ಕೀಲಿ. ಎರಡೂ ಬಹುದೊಡ್ಡ ಸಂಖ್ಯೆಗಳು. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಬಹಿರಂಗ ಕೀಲಿಯಿಂದ ಗುಟ್ಟಿನದನ್ನು ಲೆಕ್ಕ ಹಾಕಿ ತೆಗೆಯುವುದು ಇಂದಿನ ಕಂಪ್ಯೂಟರುಗಳಿಗೆ ಆಗದ ಕೆಲಸ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಆನ್‌ಲೈನಿನಲ್ಲಿ ನಾವು ಪಡೆಯುವ ಪಹಣಿಗೂ ಡಿಜಿಟಲ್ ಸಹಿಯಿದೆ.

ಇನ್ನು ಲೆಡ್ಜರು. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಬಂದ ಲೇಖನದಿಂದ ಬಿಟ್‌ಕಾಯಿನ್ ಹುಟ್ಟಿ, 2009ರ ಜನವರಿಯಲ್ಲಿ ಶುರುವಾಯಿತು. ಅದರ ಲೆಕ್ಕದ ಪ್ರತಿ ಪುಟಕ್ಕೂ ಗಣಿತದಿಂದ ಒಂದು ಗುರುತು ಹುಟ್ಟುತ್ತದೆ. ಒಂದಂಕಿ ತಿದ್ದಿದರೂ ಗುರುತೇ ಬದಲಾಗುತ್ತದೆ. ಹಿಂದಿನ ಪುಟದ ಗುರುತು ಮುಂದಿನ ಪುಟದಲ್ಲಿ ಸೇರಿರುವುದರಿಂದ ಹಳೆಯದನ್ನು ತಿದ್ದಿದವನು ಮುಂದಿನದೆಲ್ಲವನ್ನೂ ಮತ್ತೆ ಬರೆಯಬೇಕು. ಲೆಡ್ಜರಿನ ಪ್ರತಿಗಳೋ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿವೆ!

ಹಾಗಾದರೆ ಭಯವಿಲ್ಲವೇ? ಇದೆ. ಜಪಾನಿನ ಟೋಕಿಯೋದಲ್ಲಿದ್ದ ಮೌಂಟ್ ಗಾಕ್ಸ್ ಎಂಬ ಬಿಟ್‌ಕಾಯಿನ್ ವಿನಿಮಯ ಕಂಪನಿ 2014ರಲ್ಲಿ ದಿವಾಳಿಯಾಯಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆ ಅಂತ ಹೇಳಿತು. ಆಮೇಲೆ ಸಿಕ್ಕಿದ್ದು 2 ಲಕ್ಷ. ಅಲ್ಲಿ ಬಿಟ್‌ಕಾಯಿನ್ನಿನ ಗಣಿತ ಸೋಲಲಿಲ್ಲ. ಜನ ತಮ್ಮ ಕೀಲಿಯನ್ನು ಪರರ ಕೈಗೆ ಬಿಟ್ಟಿದ್ದರು, ಅಲ್ಲಿ ಕನ್ನ ಬಿತ್ತು. ಗುಟ್ಟಿನ ಕೀಲಿ ಕಳೆದರೆ ಇನ್ನೊಂದು ಕೊಡುವವರೂ ಇಲ್ಲ. ಗಣಿತವು ಲೆಕ್ಕ ಕಾಯುತ್ತದೆ, ಬೆಲೆ ಕಾಯುವುದಿಲ್ಲ. ದುಪ್ಪಟ್ಟು ಲಾಭದ ಮಾತಿಗೆ ಮರುಳಾಗಬಾರದು. ಬಿಟ್‌ಕಾಯಿನ್ನಿಗೆ ಯಾವ ಸರ್ಕಾರದ ಭರವಸೆಯೂ ಇಲ್ಲ. ರಿಸರ್ವ್ ಬ್ಯಾಂಕ್ 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಪ್ರಾಯೋಗಿಕವಾಗಿ ಆರಂಭಿಸಿದ ಡಿಜಿಟಲ್ ರೂಪಾಯಿಯೇ ಬೇರೆ. ಅದಕ್ಕೆ ರಿಸರ್ವ್ ಬ್ಯಾಂಕಿನದೇ ಹೊಣೆ.

ಬಿಟ್‌ಕಾಯಿನ್ ನಮಗೆ ದೂರದ ಮಾತಿರಬಹುದು, ಫೋನಿನ ಪಿನ್ ದೂರದ್ದಲ್ಲ. ಸಂಘದ ತಿಜೋರಿಯ ಬೀಗದ ಕೈಯನ್ನು ದಾರಿಹೋಕರ ಕೈಗೆ ಕೊಡುತ್ತೇವೆಯೇ? ಆದರೆ "ನೀನೇ ಒತ್ತಪ್ಪಾ" ಅಂತ ಅಂಗಡಿಯಲ್ಲಿ ಪಿನ್ ಹೇಳಿಬಿಡುವವರು ಎಷ್ಟಿಲ್ಲ! ನೆನಪಿಡಿ: ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. ಯಾರಾದರೂ ಕೇಳಿದರೆ ಅದು ಮೋಸ. ಮೋಸ ಆಯಿತು ಅಂತ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಓದು ಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಇಷ್ಟನ್ನು ಕಲಿಸಿದರೆ ಅದೂ ಸಹಕಾರವೇ. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.