ಗರಡಿಯ ಗುರು



ದೇಹಬಲವು ಮನುಷ್ಯನಿಗೆ ಭೂಷಣವೂ ಹೌದು, ಭಾರವೂ ಹೌದು. ಶಿಸ್ತಿಗೆ ಒಳಗಾದ ಬಲವು ದುರ್ಬಲರಿಗೆ ಆಸರೆಯಾಗುವುದು. ಶಿಸ್ತು ತಪ್ಪಿದ ಬಲವು ಊರಿಗೆಲ್ಲ ಉಪದ್ರವವಾಗುವುದು. ಆದುದರಿಂದಲೇ ಪೂರ್ವಿಕರು ಬಲಸಾಧನೆಯನ್ನು ಬೀದಿಗೆ ಬಿಡದೆ ಗರಡಿಮನೆಯೊಳಗಿಟ್ಟು, ಅದಕ್ಕೆ ಗುರುವೊಬ್ಬನನ್ನು ಕಾವಲಿಟ್ಟರು. ಗೆದ್ದ ಜಟ್ಟಿಯ ಹೆಸರು ಜಾತ್ರೆಗೆಲ್ಲ ತಿಳಿಯುವುದು. ಅವನನ್ನು ತಿದ್ದಿದವನ ಹೆಸರು ಬಲ್ಲವರು ಕೆಲವರೇ. ಅಂತಹ ಒಬ್ಬ ಗುರುವಿನ ಚರಿತ್ರೆಯೇ ಈ ಉಪನ್ಯಾಸದ ವಿಷಯವಾಗಿದೆ.

1901ರಲ್ಲಿ ರಾಜಸ್ಥಾನದ ಚಿಡಾವಾ ಎಂಬ ಊರಿನಲ್ಲಿ ವಿಜಯಪಾಲನೆಂಬ ಬಾಲಕನು ಜನಿಸಿದನು. ತಾರುಣ್ಯದಲ್ಲಿ ದೆಹಲಿಗೆ ಬಂದು ನೆಲೆಸಿದ ಆತನು, ಬಿರ್ಲಾ ಗಿರಣಿಯವರ ಆಶ್ರಯದಲ್ಲಿ ಒಂದು ವ್ಯಾಯಾಮಶಾಲೆಯನ್ನು ಕಟ್ಟಿ ಬೆಳೆಯಿಸಿದನು. ಗರಡಿಯ ಆರಾಧ್ಯದೈವದ ಹೆಸರೇ ಆತನ ಹೆಸರಾಗಿ, ಗುರು ಹನುಮಾನರೆಂಬ ಖ್ಯಾತಿಯು ದೇಶದಲ್ಲೆಲ್ಲ ಹಬ್ಬಿತು. ಅವರು ವಿವಾಹವಾಗಲಿಲ್ಲ, ಶಿಷ್ಯವರ್ಗವೇ ಅವರ ಸಂಸಾರವಾಯಿತು.

ಗರಡಿಯ ದಿನಚರಿಯು ಹೊರಗಿನವರ ಕಣ್ಣಿಗೆ ಕಠೋರವಾಗಿ ತೋರುವುದು. ಬೆಳಕು ಹರಿಯುವ ಮೊದಲೇ ಏಳಬೇಕು. ಮಟ್ಟಿಯ ಮಣ್ಣನ್ನು ಅಗೆದು ಹದಮಾಡಬೇಕು. ದಂಡ, ಬೈಠಕ್‌ಗಳಿಂದ ಮೈಯನ್ನು ಪಳಗಿಸಿದ ಮೇಲೆಯೇ ಪಟ್ಟುಗಳ ಪಾಠ. ಹಾಲು, ತುಪ್ಪ, ಬಾದಾಮಿಗಳ ಆಹಾರವುಂಟು, ದುಶ್ಚಟಗಳಿಗೆ ಪ್ರವೇಶವಿಲ್ಲ. ಸಿರಿವಂತನ ಮಗನಾಗಲಿ, ಬಡ ರೈತನ ಮಗನಾಗಲಿ, ಲಂಗೋಟಿ ಬಿಗಿದು ಮಣ್ಣಿಗಿಳಿದ ಮೇಲೆ ಭೇದವೆಲ್ಲಿಯದು? ಕನ್ನಡನಾಡಿನ ಗರಡಿಮನೆಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಆದರೆ ಕಾಲವು ಗುರುವಿನ ಮುಂದೆ ಒಂದು ಕಠಿಣ ಪರೀಕ್ಷೆಯನ್ನಿಟ್ಟಿತು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ ಗೆಲುವು. ಅಂತರರಾಷ್ಟ್ರೀಯ ಕುಸ್ತಿಯಾದರೋ ಮ್ಯಾಟ್ ಎಂಬ ಮೆತ್ತೆಯ ಮೇಲೆ ನಡೆಯುವುದು. ಅಲ್ಲಿ ಕಾಲವು ನಿಯತ; ಭುಜವೆರಡನ್ನೂ ನೆಲಕ್ಕೊತ್ತಿದರೆ ಪೂರ್ಣಜಯ; ಇಲ್ಲವಾದರೆ ಒಂದೊಂದು ಪಟ್ಟಿಗೂ ಅಂಕವೆಣಿಸಿ ತೀರ್ಪು. ಮಣ್ಣಿನಲ್ಲಿ ನಿಧಾನವೂ ತಾಳ್ಮೆಯೂ ಗುಣಗಳಾದರೆ, ಮೆತ್ತೆಯ ಮೇಲೆ ಕ್ಷಣದ ಚುರುಕೇ ನಿರ್ಣಾಯಕ. ಇಂತಹ ವೇಳೆಯಲ್ಲಿ ತಾನು ಬಲ್ಲುದನ್ನೇ ಹಿಡಿದು ಕೂತ ಗುರುವಿನ ಶಿಷ್ಯರು ಹಿಂದುಳಿಯುವರು. ಹಳೆಯದನ್ನು ಹಳಿದು ಹೊಸದಕ್ಕೆ ಓಡಿದವನ ಶಿಷ್ಯರು ಬುಡವಿಲ್ಲದವರಾಗುವರು.

ಗುರು ಹನುಮಾನರ ಶಿಷ್ಯರು ಈ ಪರೀಕ್ಷೆಯಲ್ಲಿ ಉತ್ತೀರ್ಣರಾದರೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1970ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇದಪ್ರಕಾಶ್ ಮತ್ತು ಸುದೇಶ್ ಕುಮಾರ್ ಸ್ವರ್ಣಪದಕಗಳನ್ನು ಗಳಿಸಿದರು. 1974ರಲ್ಲಿ ಸುದೇಶ್ ಕುಮಾರ್ ಪುನಃ ಗೆದ್ದರು, ಪ್ರೇಮನಾಥರೂ ಗೆದ್ದರು. ಏಷ್ಯಾ ಕ್ರೀಡಾಕೂಟದಲ್ಲಿ ಕರ್ತಾರ್ ಸಿಂಗ್ 1978 ಮತ್ತು 1986ರಲ್ಲಿ, ಸತ್ಪಾಲ್ ಸಿಂಗ್ 1982ರಲ್ಲಿ ಸ್ವರ್ಣವಿಜೇತರಾದರು. ಮೈ ಮಣ್ಣಿನಲ್ಲಿ ಪಳಗಿತ್ತು; ಮೆತ್ತೆಯು ಅದನ್ನು ಒರೆಗೆ ಹಚ್ಚಿತು.

ಭಾರತ ಸರಕಾರವು 1983ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ, 1987ರಲ್ಲಿ ಕ್ರೀಡಾಗುರುಗಳಿಗೆ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿಯನ್ನೂ ಇವರಿಗಿತ್ತು ಗೌರವಿಸಿತು. 1999ರ ಮೇ 24ರಂದು, ಹರಿದ್ವಾರಕ್ಕೆ ಹೊರಟಿದ್ದಾಗ ಮೀರತ್ತಿನ ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಅವರು ದೇಹವಿಟ್ಟರು. ಆಗ ಅವರ ವಯಸ್ಸು 98.

ಗುರು ಹೋದ ಮೇಲೆ ಉಳಿಯುವುದೇನು? ಪದಕಗಳು ಪೆಟ್ಟಿಗೆಯಲ್ಲಿ ಮಸುಕಾಗುವುವು. ಶಿಷ್ಯನು ತಾನೇ ಗುರುವಾದರೆ ಮಾತ್ರ ವಿದ್ಯೆಯು ಬದುಕುವುದು. ಸತ್ಪಾಲರು ದೆಹಲಿಯ ಛತ್ರಸಾಲ್ ಕ್ರೀಡಾಂಗಣದಲ್ಲಿ ಬಾಲಕರಿಗೆ ಕುಸ್ತಿಯನ್ನು ಕಲಿಸಿ, 2009ರಲ್ಲಿ ತಮ್ಮ ಗುರುವಿಗೆ ಸಂದಿದ್ದ ದ್ರೋಣಾಚಾರ್ಯ ಪ್ರಶಸ್ತಿಗೇ ಪಾತ್ರರಾದರು. ಅಲ್ಲಿ ಪಳಗಿದವರಲ್ಲಿ ಯೋಗೇಶ್ವರ ದತ್ತರು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನೂ, ರವಿಕುಮಾರ್ ದಹಿಯಾ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ರಜತಪದಕವನ್ನೂ ತಂದರು. ಸ್ವಂತ ಮಕ್ಕಳಿಲ್ಲದವರ ವಂಶವು ಹೀಗೆ ಮೂರನೆಯ ತಲೆಗೆ ಮುಟ್ಟಿತು.

ಪಟ್ಟುಗಳನ್ನು ಕಲಿಸುವುದು ಸುಲಭ. ಬಲವುಳ್ಳವನಿಗೆ ವಿನಯವನ್ನು ಕಲಿಸುವುದು ಕಷ್ಟ. ತನ್ನನ್ನು ಮೀರಿಸುವವನನ್ನು ಬೆಳೆಯಿಸಿ ಸಂತೋಷಪಡುವುದು ಎಲ್ಲಕ್ಕಿಂತ ಕಷ್ಟ. ಮಠವಾಗಲಿ, ಪಾಠಶಾಲೆಯಾಗಲಿ, ಗರಡಿಯಾಗಲಿ, ಗುರುಸ್ಥಾನದಲ್ಲಿ ಕುಳಿತವರೆಲ್ಲರಿಗೂ ಇದೊಂದೇ ಅಳತೆಗೋಲು. ಶಿಷ್ಯನಿಗೆ ಸೋಲುವುದರಲ್ಲಿ ಗುರುವಿನ ಗೆಲುವಿದೆ.