ಕೇಳದೆ ಕೆಲಸ ಮಾಡುವ ಯಂತ್ರಕ್ಕೆ ಮೊದಲೇ ಹೇಳಬೇಕಾದದ್ದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಕೂಳೂರಿನಲ್ಲಿ ಸದಸ್ಯರ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದ ಕಾಲಕ್ಕೆ ಲೆಡ್ಜರು ಮತ್ತು ಬೀಗ ಹಾಕುವ ಕಪಾಟು ಇದ್ದರೆ ಲೆಕ್ಕ ಭದ್ರ. ಈಗ ಹಾಗಲ್ಲ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ ಬರುತ್ತದೆ, ಸರಿ. ಅದಕ್ಕೆ ಆಪರೇಟಿಂಗ್ ಸಿಸ್ಟಂ ಹಾಕುವಾಗ, ಕೆಟ್ಟು ಮತ್ತೊಮ್ಮೆ ಹಾಕುವಾಗ, ನಮ್ಮ ಠೇವಣಿ ಮತ್ತು ಸಾಲದ ಲೆಕ್ಕ ಎಲ್ಲಿರುತ್ತದೆ? ನನ್ನ ಮಾತು ಅಷ್ಟಕ್ಕೇ.

ಕೈಯಿಂದ ಹಾಕುವುದಾದರೆ ಯಂತ್ರ ಒಂದೊಂದೇ ಪ್ರಶ್ನೆ ಕೇಳುತ್ತದೆ. ಯಾವ ಭಾಷೆ, ಯಾವ ಊರಿನ ಗಂಟೆ, ಗುಪ್ತಪದ ಏನು, ಡಿಸ್ಕನ್ನು ಹೇಗೆ ಪಾಲು ಮಾಡಲಿ? ಒಂದು ಯಂತ್ರವಾದರೆ ಅಡ್ಡಿಯಿಲ್ಲ. ಶಾಖೆಗಳಲ್ಲಿ ಹತ್ತು ಯಂತ್ರ ಇದ್ದರೆ ಹತ್ತು ಜನ ಹತ್ತು ಥರ ಉತ್ತರ ಕೊಡುತ್ತಾರೆ. ಆಮೇಲೆ ರಿಪೇರಿಗೆ ಬಂದವನಿಗೆ ತಲೆಬುಡ ತಿಳಿಯುವುದಿಲ್ಲ. ಆದ್ದರಿಂದ ಉತ್ತರಗಳನ್ನೆಲ್ಲ ಒಂದು ಕಡತದಲ್ಲಿ ಮೊದಲೇ ಬರೆದಿಡುವ ಪದ್ಧತಿ ಬಂತು. ರೆಡ್ ಹ್ಯಾಟಿನವರು ಅದನ್ನು ಕಿಕ್‌ಸ್ಟಾರ್ಟ್ ಅಂದರು, ಡೆಬಿಯನ್‌ನವರು ಪ್ರಿಸೀಡ್ ಅಂದರು. ಜರ್ಮನಿಯ ಕಲೋನ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಲಾಂಗೆ ಎಂಬವರು 1999ರಲ್ಲಿ ಇದೇ ಕೆಲಸಕ್ಕೆ ಫಾಯ್ ಎಂಬ ತಂತ್ರಾಂಶ ಆರಂಭಿಸಿದರು. ಉಬುಂಟು ಸರ್ವರಿನಲ್ಲಿ 2020ರಿಂದ ಆಟೋಇನ್‌ಸ್ಟಾಲ್ ಇದೆ. ಹತ್ತಿರದ ಕಾಸರಗೋಡಿನಲ್ಲೇ ನೋಡಿ. ಅಲ್ಲಿನ ಕನ್ನಡ ಶಾಲೆಗಳಿಗೂ ಸೇರಿ ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ತನಗೆ ಬೇಕಾದಂತೆ ತಿದ್ದಿ ಒಂದೇ ಅಚ್ಚಿನಲ್ಲಿ ಕೊಟ್ಟಿದೆ. ಅದು ಪೂರಾ ಇದೇ ಅಲ್ಲದಿದ್ದರೂ ಎಲ್ಲ ಯಂತ್ರವೂ ಒಂದೇ ಥರ ಇರಬೇಕೆಂಬ ಉದ್ದೇಶ ಒಂದೇ.

ಭಾಷೆ, ಗಂಟೆ ಇವೆಲ್ಲ ತಪ್ಪಿದರೆ ಮತ್ತೆ ತಿದ್ದಬಹುದು. ಡಿಸ್ಕಿನ ವಿಷಯ ಹಾಗಲ್ಲ.

ನಮ್ಮ ಹಿರಿಯರು ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ಬೇರೆ ಬೇರೆ ಇಟ್ಟುಕೊಂಡಿದ್ದರಷ್ಟೆ. ಒಂದೊಂದರ ಬೆಳೆ ಬೇರೆ, ನೀರು ಬೇರೆ, ನಡುವೆ ಹುಣಿ. ಡಿಸ್ಕಿನ ಪಾರ್ಟಿಶನ್ ಅಂದರೆ ಆ ಹುಣಿಯೇ. ಉದಾಹರಣೆಗೆ 240 ಜಿಬಿಯ ಡಿಸ್ಕು ಇದೆಯೆನ್ನಿ. ಯಂತ್ರ ಎದ್ದೇಳುವುದಕ್ಕೆ ಅರ್ಧ ಜಿಬಿ, ಸಿಸ್ಟಂಗೆ 40, ದಿನಚರಿಯ ಲಾಗ್ ಕಡತಗಳಿಗೆ 20, ಸ್ವಾಪ್‌ಗೆ 8, ಲೆಕ್ಕಪತ್ರಕ್ಕೆ 100. ಉಳಿದದ್ದನ್ನು ಹಡಿಲು ಬಿಡಿ. ಎಲ್‌ವಿಎಂ ವ್ಯವಸ್ಥೆ ಇದ್ದರೆ ಬೇಕಾದಾಗ ಬೇಕಾದ ಭಾಗಕ್ಕೆ ಸೇರಿಸಬಹುದು. ಲಾಗ್ ಕಡತ ಬೆಳೆದು ತನ್ನ ಗದ್ದೆ ತುಂಬಿದರೂ ಹುಣಿ ದಾಟಿ ಲೆಕ್ಕದ ಗದ್ದೆಗೆ ನುಗ್ಗುವುದಿಲ್ಲ. ಪ್ರಿಸೀಡ್‌ನಲ್ಲಿ ಪ್ರತಿ ಭಾಗಕ್ಕೂ ಮೂರು ಅಂಕೆ ಬರೆಯಬೇಕು: ಕನಿಷ್ಠ ಎಷ್ಟು, ಆದ್ಯತೆ ಎಷ್ಟು, ಗರಿಷ್ಠ ಎಷ್ಟು. ಡಿಸ್ಕು ದೊಡ್ಡದಿರಲಿ ಸಣ್ಣದಿರಲಿ, ಅದೇ ಹಂಚುತ್ತದೆ. ಫೈಲ್ ಸಿಸ್ಟಂ ಎಕ್ಸ್‌ಟಿ4 ಇದ್ದರೆ ಮುಂದೆ ಹಿಗ್ಗಿಸಲೂ ಬಹುದು, ಕುಗ್ಗಿಸಲೂ ಬಹುದು. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗಿಸುವುದು ಸುಲಭವಲ್ಲ. ನಮ್ಮಂಥ ಸಣ್ಣ ಸಂಘಕ್ಕೆ ಎಕ್ಸ್‌ಟಿ4 ಸಾಕು ಎಂಬುದು ನನ್ನ ಅಭಿಪ್ರಾಯ.

ಈ ವಿಂಗಡಣೆಯ ನಿಜವಾದ ಲಾಭ ಸಿಸ್ಟಂ ಕೆಟ್ಟ ದಿನ ಗೊತ್ತಾಗುವುದು. ಸಿಸ್ಟಂನ 40 ಜಿಬಿ ಮಾತ್ರ ಅಳಿಸಿ ಹೊಸದು ಹಾಕು, ಲೆಕ್ಕದ ಭಾಗ ಮುಟ್ಟಬೇಡ ಎಂದು ಕಡತದಲ್ಲಿ ಬರೆಯಬಹುದು. ಕಿಕ್‌ಸ್ಟಾರ್ಟ್‌ನಲ್ಲಿ ಅದಕ್ಕೆ 'ನೋಫಾರ್ಮ್ಯಾಟ್', ಉಬುಂಟುವಿನಲ್ಲಿ 'ಪ್ರಿಸರ್ವ್' ಎಂಬ ಪದ. ಆ ಪದ ಬಿಟ್ಟುಹೋದರೆ? ಯಂತ್ರ ಯಾರನ್ನೂ ಕೇಳುವುದಿಲ್ಲ. ಕೇಳಬಾರದು ಅಂತಲೇ ಅಲ್ವಾ ನಾವು ಕಡತ ಬರೆದದ್ದು! ಮೊದಲ ಬಾರಿಗೆ ಬರೆದ 'ಎಲ್ಲ ಅಳಿಸು' ಎಂಬ ಕಡತವನ್ನೇ ಎರಡನೇ ಬಾರಿಗೂ ಬಳಸಿದರೆ ಕೆಲವೇ ನಿಮಿಷದಲ್ಲಿ ಖಾತೆಗಳೆಲ್ಲ ಗುಡಿಸಿ ಹೋದವು ಅಂತ ತಿಳಿಯಿರಿ. ಆದ್ದರಿಂದ ಹೊಸ ಯಂತ್ರಕ್ಕೆ ಒಂದು ಕಡತ, ಹಳೆ ಯಂತ್ರಕ್ಕೆ ಇನ್ನೊಂದು. ಡಿಸ್ಕನ್ನು 'ಎಸ್‌ಡಿಎ' ಎಂಬ ಹೆಸರಿನಿಂದ ಗುರುತಿಸಬೇಡಿ. ಪೆನ್‌ಡ್ರೈವ್ ಚುಚ್ಚಿದ್ದರೆ ಆ ಹೆಸರು ಅದಕ್ಕೇ ಹೋದೀತು. ಡಿಸ್ಕಿನ ಸೀರಿಯಲ್ ನಂಬರು ಬರೆಯಿರಿ. ಬೇರೆ ಭಾಗದಲ್ಲಿದೆಯೆಂದು ನಕಲು ತೆಗೆಯುವುದನ್ನೂ ಬಿಡಬೇಡಿ. ಡಿಸ್ಕೇ ಸತ್ತರೆ ಹುಣಿ ಏನು ಮಾಡೀತು?

ಇನ್ನೊಂದು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದರೆ ಅದರ ಗುಪ್ತಪದವನ್ನೂ ಈ ಕಡತದಲ್ಲಿ ಬಿಚ್ಚಕ್ಷರದಲ್ಲಿ ಬರೆಯಬೇಕಾಗುತ್ತದೆ. ಆ ಪೆನ್‌ಡ್ರೈವನ್ನು ಮೇಜಿನ ಮೇಲೆ ಬಿಟ್ಟು ಚಾ ಕುಡಿಯಲಿಕ್ಕೆ ಹೋಗುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಗುಪ್ತಪದ ಬದಲಿಸಬೇಕು.

ಮಂಡಳಿಯವರಿಗೆ ನನ್ನ ವಿನಂತಿ ಒಂದೇ. ಡಿಸ್ಕಿನ ಪಾಲು ಬರೆದಿರುವ ಆ ಒಂದು ಪುಟವನ್ನು ಅಚ್ಚು ಹಾಕಿಸಿ ಸಭೆಯಲ್ಲಿಟ್ಟು ಓದಿಸಿ, ಸಾಲದ ಪತ್ರ ಓದಿಸಿದ ಹಾಗೆ. ಮತ್ತೆ, ಉಬುಂಟುವಿನಲ್ಲಿ ಒಂದು ಒಳ್ಳೆ ಕ್ರಮ ಉಂಟು. ಯಂತ್ರ ಎದ್ದೇಳುವಾಗ ಕೊಡುವ ಆಜ್ಞೆಯ ಸಾಲಿನಲ್ಲಿ 'ಆಟೋಇನ್‌ಸ್ಟಾಲ್' ಎಂಬ ಪದ ಇಲ್ಲದಿದ್ದರೆ, ಕಡತ ಸಿಕ್ಕಿದರೂ ಡಿಸ್ಕಿಗೆ ಕೈಹಾಕುವ ಮೊದಲು 'ಮುಂದುವರಿಸಲೇ' ಎಂದು ಒಮ್ಮೆ ಕೇಳುತ್ತದೆ. ಖಾಲಿ ಯಂತ್ರಗಳು ಹತ್ತು ಒಟ್ಟಿಗೆ ಬಂದ ದಿನ ಆ ಪದ ಬರೆದುಕೊಳ್ಳಿ. ಲೆಕ್ಕ ಇರುವ ಯಂತ್ರದ ಹತ್ತಿರ ಆ ಪೆನ್‌ಡ್ರೈವ್ ತರಬೇಡಿ.